ಸಣ್ಣ ಊರಿನ ಪ್ರೀತಿಗೆ ಕೊಲೆಗಾರ ಯಾಕೆ ಬೇಕು?

ಫೋನಿನಲ್ಲಿ ಓದಲು ಸಿಗುವ ಕನ್ನಡ ಧಾರಾವಾಹಿಗಳ ಪಟ್ಟಿಯನ್ನು ಸುಮ್ಮನೆ ನೋಡುತ್ತ ಹೋಗಿ. ಹೀಗೊಂದು ಕಥೆ ಸಿಕ್ಕೇ ಸಿಗುತ್ತದೆ: ಮಲೆನಾಡಿನ ಪುಟ್ಟ ಊರು, ಬಿಡದ ಮಳೆ, ಬೆಂಗಳೂರಿನಿಂದ ಬಂದ ಹುಡುಗಿ, ಸಿಡುಕು ಮೋರೆಯ ಎಸ್ಟೇಟ್ ಮಾಲೀಕ. ಏಳನೇ ಕಂತಿನ ಹೊತ್ತಿಗೆ ಬಂಗಲೆಯ ಹಿಂದಿನ ಬಾವಿಯಲ್ಲಿ ಹೆಣ. ಅಲ್ಲಿಂದ ಮೂವತ್ತು ಕಂತು ಟಾರ್ಚ್ ಬೆಳಕು, ಅಪರಿಚಿತ ನಂಬರಿನ ಕರೆ, ಅರ್ಧ ಸುಟ್ಟ ಪತ್ರ. ಕೊನೆಗೆ ಕೊಲೆಗಾರ ಸಿಗುತ್ತಾನೆ. ಅವನು ಬಹಳ ಸಲ ನಾಯಕನ ಚಿಕ್ಕಪ್ಪನೇ ಆಗಿರುತ್ತಾನೆ!

ಇಂಥವನ್ನು ನಾನೂ ರಾತ್ರಿ ಎರಡರ ತನಕ ಓದಿದ್ದೇನೆ, ಈಗಲೂ ಓದುತ್ತೇನೆ. ಆದರೆ ಸಾಗರದಲ್ಲಿ ಹುಟ್ಟಿ ಬೆಳೆದು, ಸ್ಪರ್ಧಾತ್ಮಕ ಪರೀಕ್ಷೆಗಳ ನಡುವಿನ ಬಿಡುವಿನಲ್ಲಿ ಇಂಥದ್ದೇ ಒಂದು ಕಥಾಸರಣಿ ಬರೆಯುತ್ತಿರುವವಳಾಗಿ ನನ್ನದೊಂದು ತಕರಾರಿದೆ. ನಮ್ಮಂಥ ಊರುಗಳಲ್ಲಿ ಪ್ರೀತಿಗೆ ಕುತೂಹಲ ತುಂಬಲು ಹೆಣ ಬೀಳಬೇಕಾಗಿಲ್ಲ. ಒಬ್ಬ ಹುಡುಗ, ಒಬ್ಬಳು ಹುಡುಗಿ ಒಂದೇ ಬೇಕರಿಯ ಒಂದೇ ಬೆಂಚಿನಲ್ಲಿ ಎರಡು ಸಲ ಕೂತರೆ ಸಾಕು, ಮುಂದಿನ ಕಂತಿಗೆ ಇಡೀ ಬೀದಿಯೇ ಕಾಯುತ್ತದೆ. ಇಷ್ಟೊಂದು ಸಸ್ಪೆನ್ಸ್ ಪುಕ್ಕಟೆ ಸಿಗುವಾಗ ಹೊರಗಿನಿಂದ ಕೊಲೆಗಾರನನ್ನು ಕರೆಸುವುದು ಯಾಕೆ ಅನ್ನುವುದು ನನ್ನ ಪ್ರಶ್ನೆ.

ಊರನ್ನು ಇಟ್ಟುಕೊಂಡು ಪ್ರೇಮಕಥೆಗಳ ಸರಣಿ ಬರೆಯುವ ಪದ್ಧತಿ ಇಂಗ್ಲಿಷಿನಲ್ಲಿ ದೊಡ್ಡದು. ಅಮೆರಿಕದ ಲೇಖಕಿ ರಾಬಿನ್ ಕಾರ್ 2007ರಲ್ಲಿ ಶುರುಮಾಡಿದ ‘ವರ್ಜಿನ್ ರಿವರ್’ ಅನ್ನು ಪುಸ್ತಕವಾಗಿ ಓದದವರೂ ನೆಟ್‌ಫ್ಲಿಕ್ಸ್‌ನಲ್ಲಿ ನೋಡಿರುತ್ತೀರಿ, 2019ರಿಂದ ಅಲ್ಲಿದೆ. ಲಾಸ್ ಏಂಜಲೀಸ್‌ನ ನರ್ಸ್ ಒಬ್ಬಳು ಉತ್ತರ ಕ್ಯಾಲಿಫೋರ್ನಿಯಾದ ಗುಡ್ಡಗಾಡಿನ ಊರಿಗೆ ಕೆಲಸಕ್ಕೆ ಬರುತ್ತಾಳೆ, ಊರಿನ ಬಾರ್ ನಡೆಸುವ ಮಾಜಿ ಸೈನಿಕನ ಪರಿಚಯವಾಗುತ್ತದೆ. ಮುಂದಿನ ಪುಸ್ತಕಗಳಲ್ಲಿ ಜೋಡಿಗಳು ಬದಲಾಗುತ್ತವೆ, ಊರು ಮಾತ್ರ ಅದೇ. ಒಳ್ಳೆಯ ಉಪಾಯ. ಓದುಗರಿಗೆ ಹಳಬರು ಬೀದಿಯಲ್ಲಿ ಸಿಗುತ್ತಾರೆ, ಹೊಸಬರ ಕಥೆಯೂ ನಡೆಯುತ್ತದೆ. ಆದರೆ ಆ ಕಥೆ ನಿಂತಿರುವುದು ಹೊರಗಿನವರು ಬಂದು ನೆಲೆಸುವುದರ ಮೇಲೆ. ನಮ್ಮಲ್ಲಿ ಯಾರು ಬರುತ್ತಾರೆ ಹೇಳಿ? ಇಲ್ಲಿ ಹೋಗುವವರೇ ಹೆಚ್ಚು. ತಾಳಗುಪ್ಪದಿಂದ ಹೊರಡುವ ರೈಲು, ಬಸ್ ನಿಲ್ದಾಣದಿಂದ ಹೊರಡುವ ರಾತ್ರಿ ಬಸ್ಸು ತುಂಬಿಕೊಂಡು ಹೋಗುವುದು ಡಿಗ್ರಿ ಮುಗಿಸಿದವರನ್ನೇ. ಹಾಗಾಗಿ ನಮ್ಮ ಊರಿನ ಪ್ರೇಮಕಥೆಯ ಮೊದಲ ಸಸ್ಪೆನ್ಸ್ ‘ಬಂದವರು ಯಾರು’ ಅನ್ನುವುದಲ್ಲ, ‘ಇಬ್ಬರಲ್ಲಿ ಉಳಿಯುವವರು ಯಾರು’ ಅನ್ನುವುದು. ಇಂಗ್ಲಿಷ್ ಅಚ್ಚಿಗೆ ಮಲೆನಾಡಿನ ಮಳೆ ಸುರಿದರೆ ಊರು ನಮ್ಮದಾಗುವುದಿಲ್ಲ.

ಅಷ್ಟಕ್ಕೂ ಈ ವಿದ್ಯೆ ಕನ್ನಡಕ್ಕೆ ಹೊಸದಲ್ಲ. ಅಮ್ಮನ ತಲೆಮಾರಿನವರು ವಾರಪತ್ರಿಕೆ ಬರುವ ದಿನಕ್ಕಾಗಿ ಕಾದವರು. ‘ಸುಧಾ’ 1965ರಲ್ಲಿ, ‘ತರಂಗ’ 1983ರಲ್ಲಿ ಶುರುವಾದವು. ಅವುಗಳ ಧಾರಾವಾಹಿಗಾಗಿ ಮನೆಯಲ್ಲಿ ಜಗಳ ಆಗುತ್ತಿತ್ತು ಎಂದು ಅಮ್ಮ ಈಗಲೂ ಹೇಳುತ್ತಾಳೆ. ತ್ರಿವೇಣಿಯವರ ‘ಬೆಳ್ಳಿಮೋಡ’ ಎಸ್ಟೇಟಿನಲ್ಲೇ ನಡೆಯುವ ಪ್ರೇಮಕಥೆ. 1967ರಲ್ಲಿ ಪುಟ್ಟಣ್ಣ ಕಣಗಾಲ್ ಅದನ್ನು ಸಿನಿಮಾ ಮಾಡಿದರು. ಅದರಲ್ಲಿ ಕೊಲೆ ಇಲ್ಲ. ಎಸ್ಟೇಟಿಗೆ ಒಬ್ಬಳೇ ವಾರಸುದಾರಳು ಎಂದುಕೊಂಡಿದ್ದ ಮನೆಯಲ್ಲಿ ಒಂದು ಗಂಡು ಮಗು ಹುಟ್ಟುತ್ತದೆ, ಅಷ್ಟೇ. ಮದುವೆ ನಿಶ್ಚಯವಾಗಿದ್ದವನ ಮನಸ್ಸು ಈಗ ಏನಾಗುತ್ತದೆ ಎಂಬ ಕುತೂಹಲ ಯಾವ ಪತ್ತೇದಾರಿಗೂ ಕಡಿಮೆಯದಲ್ಲ. ಪತ್ತೇದಾರಿ ಬೇಕೆಂದವರಿಗೆ ಎನ್. ನರಸಿಂಹಯ್ಯ, ಟಿ.ಕೆ. ರಾಮರಾವ್ ಇದ್ದರು. ಇನ್ನು ತೇಜಸ್ವಿಯವರ ‘ಚಿದಂಬರ ರಹಸ್ಯ’ವನ್ನೇ ತೆಗೆದುಕೊಳ್ಳಿ. ಕೆಸರೂರಿನಲ್ಲಿ ಏಲಕ್ಕಿ ವಿಜ್ಞಾನಿಯೊಬ್ಬರ ಸಾವಿನ ತನಿಖೆ ಒಂದು ಕಡೆ, ರಫಿ ಮತ್ತು ಜಯಂತಿಯ ಪ್ರೀತಿ ಇನ್ನೊಂದು ಕಡೆ. ನಾನು ಅದನ್ನು ಓದಿದಾಗ ಸಾವಿನ ಗುಟ್ಟಿಗಿಂತ ಆ ಇಬ್ಬರ ಬಗ್ಗೆಯೇ ಹೆಚ್ಚು ಹೆದರಿದ್ದೆ. ಊರು ಅವರನ್ನು ನೋಡಿಬಿಟ್ಟರೆ ಏನು ಗತಿ ಎಂದು. ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದ ಪುಸ್ತಕ ಅದು. ಪ್ರೀತಿ ಮತ್ತು ಸಸ್ಪೆನ್ಸ್ ಬೆರೆಸುವುದನ್ನು ಕೀಳೆಂದು ಮೂಗು ಮುರಿಯುವ ಮೇಷ್ಟ್ರುಗಳಿಗೆ ಇದನ್ನು ನೆನಪಿಸಬೇಕು ಅನ್ನಿಸುತ್ತದೆ.

ನನ್ನ ಸರಣಿಯಲ್ಲಿ ಮೂರು ಕಥೆ, ಮೂರು ಜೋಡಿ, ಒಂದು ಊರು. ಊರಿಗೆ ಬೇರೆ ಹೆಸರಿಟ್ಟಿದ್ದೇನೆ, ಆದರೆ ಓದಿದವರಿಗೆ ಸಾಗರದ ವಾಸನೆ ಬರದೇ ಇರದು. ಮೊದಲ ಕಥೆಯ ಹುಡುಗಿ ಜೆರಾಕ್ಸ್ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ಯಾಕೆ ಜೆರಾಕ್ಸ್ ಅಂಗಡಿ ಅಂದರೆ, ಸಣ್ಣ ಊರಿನಲ್ಲಿ ಪೊಲೀಸ್ ಠಾಣೆಗಿಂತ ಹೆಚ್ಚು ಗುಟ್ಟು ಇರುವ ಜಾಗ ಅದೊಂದೇ. ಮಾರ್ಕ್ಸ್ ಕಾರ್ಡು, ಆಧಾರ್, ಪಹಣಿ, ಜಾತಿ ಪ್ರಮಾಣಪತ್ರ, ಆಸ್ಪತ್ರೆಯ ರಿಪೋರ್ಟು, ಹುಡುಗಿಯ ಜಾತಕ, ಹುಡುಗನ ಬಯೋಡೇಟಾ, ಕೋರ್ಟ್ ನೋಟಿಸು ಎಲ್ಲ ಆ ಗಾಜಿನ ಮೇಲೆ ಮುಖ ಕೆಳಗೆ ಮಾಡಿ ಮಲಗಲೇಬೇಕು. ಯಾರ ಮನೆಯ ಜಮೀನು ಯಾರಿಗೆ ಹೋಗುತ್ತಿದೆ, ಯಾರ ಮಗಳನ್ನು ನೋಡಲು ಬರುತ್ತಿದ್ದಾರೆ, ಯಾರು ಮೂರನೇ ಸಲ ಅದೇ ಪರೀಕ್ಷೆಗೆ ಅರ್ಜಿ ಹಾಕುತ್ತಿದ್ದಾರೆ ಅನ್ನುವುದು ಅವಳಿಗೆ ಅವರ ಮನೆಯವರಿಗಿಂತ ಮೊದಲೇ ಗೊತ್ತು. ಅವಳು ಓದಬೇಕೆಂದು ಓದುವುದಿಲ್ಲ. ಕಾಗದ ನೇರ ಬಂದಿದೆಯೇ ಎಂದು ನೋಡುವಾಗ ಕಣ್ಣಿಗೆ ಬಿದ್ದೇ ಬೀಳುತ್ತದೆ.

ಹುಡುಗ ಅರ್ಜಿಗಳಿಗೆ ಪ್ರತಿ ತೆಗೆಸಲು ಬರುವವನು. ಒಂದು ದಿನ ಚಿಲ್ಲರೆ ಇಲ್ಲದೆ ಹನ್ನೆರಡು ರೂಪಾಯಿ ಫೋನಿನಿಂದ ಕಳಿಸುತ್ತಾನೆ. ಪೆಟ್ಟಿಗೆ ‘ಹನ್ನೆರಡು ರೂಪಾಯಿ’ ಎಂದು ಕೂಗುತ್ತದೆ. ಅಂಗಡಿಯ ಫೋನಿನಲ್ಲಿ ಹಣ ಕಳಿಸಿದವರ ಹೆಸರು ಬರುತ್ತದಲ್ಲ, ಅದು ಮಾರ್ಕ್ಸ್ ಕಾರ್ಡಿನಲ್ಲಿರುವ ಹೆಸರಲ್ಲ. ಮೊದಲಿನ ಹೆಸರು ಒಂದೇ, ಆದರೆ ಇಲ್ಲಿ ಹಿಂದೆ ಇನ್ನೊಂದು ಪದ ಅಂಟಿಕೊಂಡಿದೆ. ಆ ಪದ ಅವನ ಜಾತಿ ಹೇಳುತ್ತದೆ.

ನನ್ನ ಮೊದಲ ಕಥೆಯ ಸಸ್ಪೆನ್ಸ್ ಇಷ್ಟೇ. ಶಾಲೆಗೆ ಸೇರಿಸುವಾಗ ಅವನ ಅಪ್ಪ ಬೇಕೆಂದೇ ಬಿಟ್ಟಿದ್ದ ಪದವನ್ನು ಬ್ಯಾಂಕಿನವರು ಆಧಾರ್ ನೋಡಿ ಪೂರ್ತಿ ಬರೆದುಕೊಂಡಿದ್ದಾರೆ. ಅವಳಿಗೆ ಗೊತ್ತಾಯಿತು. ಅವಳಿಗೆ ಗೊತ್ತಾಯಿತೆಂದು ಅವನಿಗೆ ಗೊತ್ತಿಲ್ಲ. ಸಂಜೆ ಲೆಕ್ಕ ಹಾಕಲು ಅದೇ ಫೋನನ್ನು ಅಂಗಡಿ ಮಾಲೀಕ ತೆಗೆದುಕೊಳ್ಳುತ್ತಾನೆ, ಅವನು ಹುಡುಗಿಯ ದೂರದ ಸಂಬಂಧಿ. ಅವನು ಆ ಸಾಲು ನೋಡಿದನೇ? ನೋಡಿ ಸುಮ್ಮನಿದ್ದಾನೆಯೇ? ನಂತರದ ಎಂಟು ಕಂತುಗಳಲ್ಲಿ ಯಾರೂ ಯಾರನ್ನೂ ಅಟ್ಟಿಸಿಕೊಂಡು ಹೋಗುವುದಿಲ್ಲ. ಮಾಲೀಕ ಒಂದು ದಿನ ‘ಆ ಹುಡುಗ ಯಾರ ಪೈಕಿ?’ ಎಂದು ಕೇಳುತ್ತಾನೆ. ಬರೆಯುವಾಗ ನನಗೇ ಕೈ ತಣ್ಣಗಾಗಿತ್ತು.

ಇದನ್ನು ಓದಿದ ಗೆಳತಿಯೊಬ್ಬಳು ‘ಚೆಂದದ ಲವ್ ಸ್ಟೋರಿಗೆ ಜಾತಿ ಯಾಕೆ ತಂದೆ?’ ಅಂದಳು. ನಾನು ತರಲಿಲ್ಲ, ಅದು ಅಲ್ಲೇ ಇತ್ತು. ನಮ್ಮ ಬಹುತೇಕ ಧಾರಾವಾಹಿಗಳಲ್ಲಿ ನಾಯಕ, ನಾಯಕಿ ಇಬ್ಬರಿಗೂ ಅಡ್ಡಹೆಸರಿಲ್ಲ, ಅಡುಗೆಮನೆಯಲ್ಲಿ ಏನು ಬೇಯುತ್ತದೆ ಎಂದು ಹೇಳುವುದಿಲ್ಲ, ಮದುವೆಗೆ ಅಡ್ಡಿಯೆಂದರೆ ಬರೀ ಅಪಾರ್ಥ. ಊರಿನಲ್ಲಿ ಎಲ್ಲರೂ ಎಲ್ಲರ ಬಗ್ಗೆ ತಿಳಿದುಕೊಳ್ಳುವ ಮೊದಲ ವಿಷಯವನ್ನೇ ಕಥೆಗಾರರು ತೆಗೆದುಹಾಕಿಬಿಡುತ್ತಾರೆ. ತೆಗೆದುಹಾಕಿದ ಜಾಗ ಖಾಲಿ ಕಾಣುತ್ತದೆ, ಅಲ್ಲಿ ಹೆಣ ತಂದು ಇಡಬೇಕಾಗುತ್ತದೆ. ಪ್ರೀತಿಯ ಕಥೆಯಲ್ಲಿ ಎರಡು ಗಂಟೆಯ ಸುಖ ಬೇಕು ಅನ್ನುವವರ ಮಾತನ್ನು ನಾನು ಒಪ್ಪುತ್ತೇನೆ. ದಿನವಿಡೀ ಓದಿ ತಲೆ ಕೆಟ್ಟವರಿಗೆ ಅಷ್ಟೂ ಬೇಡವೇ? ನನ್ನ ಜೋಡಿಗೂ ಸುಖವಿದೆ, ಜಗಳವಿದೆ, ಮಸಾಲೆ ಮಂಡಕ್ಕಿ ಇದೆ. ಸುಖ ಸಿಗಬೇಕಾದರೆ ಭಯ ನಿಜವಾದದ್ದಾಗಿರಬೇಕು ಅಷ್ಟೇ.

ಉದ್ಯೋಗಕ್ಕೆ ಕಾಯುವವರಿಗೆ ಗೊತ್ತಿರುವ ಇನ್ನೊಂದು ಸಸ್ಪೆನ್ಸ್ ಇದೆ. ಇದರ ಬಗ್ಗೆ ನಮ್ಮ ಪ್ರೇಮಕಥೆಗಳು ಯಾಕೆ ಬರೆಯುವುದಿಲ್ಲವೋ ನನಗೆ ಆಶ್ಚರ್ಯ. 545 ಪಿಎಸ್‌ಐ ಹುದ್ದೆಗಳಿಗೆ 2021ರ ಅಕ್ಟೋಬರ್‌ನಲ್ಲಿ ಪರೀಕ್ಷೆ ನಡೆಯಿತು. ಅಕ್ರಮ ಬಯಲಾಗಿ 2022ರ ಏಪ್ರಿಲ್‌ನಲ್ಲಿ ಸರ್ಕಾರ ಅದನ್ನು ರದ್ದು ಮಾಡಿತು. ಮರುಪರೀಕ್ಷೆ ಆದದ್ದು 2024ರ ಜನವರಿಯಲ್ಲಿ. ಪತ್ರಿಕೆಗಳಲ್ಲಿ ಒಎಂಆರ್ ಹಾಳೆ, ಬ್ಲೂಟೂತ್, ಬಂಧನದ ಸುದ್ದಿ ಬಂತು. ಆದರೆ ಆ ಎರಡು ವರ್ಷ ಎಷ್ಟು ಮನೆಗಳಲ್ಲಿ ‘ಕೆಲಸ ಆಗಲಿ, ಆಮೇಲೆ ಮಾತಾಡೋಣ’ ಎಂದು ನಿಲ್ಲಿಸಿದ ಮಾತು ಹಾಗೇ ನಿಂತಿರಬಹುದು? ಹುಡುಗ ಪ್ರಾಮಾಣಿಕವಾಗಿ ಬರೆದು ಪಟ್ಟಿಯಲ್ಲಿದ್ದಾನೆ ಅಂದುಕೊಳ್ಳಿ. ರದ್ದಾದ ಮಾರನೇ ದಿನದಿಂದ ಊರು ಅವನನ್ನು ನೋಡುವ ರೀತಿ ಬೇರೆ. ‘ಇವನೂ ಕೊಟ್ಟಿದ್ದನಾ?’ ಹುಡುಗಿಯ ಅಪ್ಪನಿಗೂ ಆ ಅನುಮಾನ. ಅವಳಿಗೆ? ಅವಳಿಗೂ ಒಂದು ರಾತ್ರಿ ಬಂದು ಹೋಗುತ್ತದೆ. ಪ್ರೀತಿಸಿದವನ ಮೇಲೆ ಒಂದು ರಾತ್ರಿ ಬಂದ ಅನುಮಾನವನ್ನು ಅವನಿಗೆ ಹೇಳಬೇಕೋ ಬೇಡವೋ? ಇದು ನನ್ನ ಎರಡನೇ ಕಥೆ. ಇಲ್ಲಿ ಕಳ್ಳ ಇದ್ದಾನೆ, ಅಪರಾಧವೂ ಇದೆ, ಆದರೆ ಅದು ಎಲ್ಲೋ ದೂರದ ಪರೀಕ್ಷಾ ಕೇಂದ್ರದಲ್ಲಿ ಆದದ್ದು. ಅದರ ನೆರಳು ಮಾತ್ರ ನಮ್ಮ ಬೀದಿಯಲ್ಲಿದೆ. ಇಂಥ ಕಥೆಗೆ ಸರಣಿಯೇ ಸರಿಯಾದ ರೂಪ, ಯಾಕೆಂದರೆ ಸರಣಿಯ ಕೆಲಸವೇ ಕಾಯಿಸುವುದು, ಮತ್ತು ಕಾಯುವುದು ಏನೆಂದು ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು.

ಜಾಗದ ವಿಷಯಕ್ಕೆ ಬಂದರೆ, ಮಂಜು ಮತ್ತು ಮಳೆಯನ್ನು ನಾನು ಆದಷ್ಟು ಕಡಿಮೆ ಮಾಡಿದ್ದೇನೆ. ಮಲೆನಾಡಿನವರಿಗೆ ಮಳೆ ರೊಮ್ಯಾಂಟಿಕ್ ಅಲ್ಲ, ಒಣಗದ ಯೂನಿಫಾರ್ಮು. ಬದಲಿಗೆ ಶರಾವತಿ ಹಿನ್ನೀರು ತಂದಿದ್ದೇನೆ. ತುಮರಿ, ಬ್ಯಾಕೋಡು ಕಡೆಯವರಿಗೆ ದಶಕಗಳ ಕಾಲ ಸಾಗರಕ್ಕೆ ದಾರಿಯೆಂದರೆ ಸಿಗಂದೂರು ಲಾಂಚ್. ಸಂಜೆಯ ಕೊನೆಯ ಲಾಂಚ್ ತಪ್ಪಿದರೆ ಆ ರಾತ್ರಿ ಈಚೆ ದಡದಲ್ಲೇ. ಕಾಲೇಜಿಗೆ ಬರುವ ಹುಡುಗಿಗೆ ಇದಕ್ಕಿಂತ ದೊಡ್ಡ ಸಸ್ಪೆನ್ಸ್ ಯಾವ ಲೇಖಕ ಹುಟ್ಟಿಸಬಲ್ಲ? ಲಾಂಚ್ ತಪ್ಪಿತು ಅನ್ನುವುದು ನಿಜವೋ, ನೆಪವೋ ಎಂದು ಎರಡೂ ದಡದವರು ಮಾತಾಡುತ್ತಾರೆ. 2025ರ ಜುಲೈಯಲ್ಲಿ ಅಲ್ಲಿ ಸೇತುವೆ ಉದ್ಘಾಟನೆಯಾಯಿತು. ಗರ್ಭಿಣಿಯರಿಗೆ, ರೋಗಿಗಳಿಗೆ, ಓದುವ ಮಕ್ಕಳಿಗೆ ಎಂದೋ ಆಗಬೇಕಿದ್ದದ್ದು. ನನ್ನ ಕಥೆಗೆ ಮಾತ್ರ ನಷ್ಟ, ಅದಕ್ಕೇ ಮೂರನೇ ಕಥೆಯನ್ನು ಸೇತುವೆಗೆ ಒಂದು ವರ್ಷ ಹಿಂದಕ್ಕೆ ಒಯ್ದಿದ್ದೇನೆ.

ಅದೇ ನೀರಿನಲ್ಲಿ ಇನ್ನೊಂದು ಗುಟ್ಟಿದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಊರುಗಳ ಜೊತೆ ಅದಕ್ಕೂ ಮೊದಲು ಮಡೆನೂರಿನಲ್ಲಿ ಕಟ್ಟಿದ್ದ ಹಿರೇಭಾಸ್ಕರ ಅಣೆಕಟ್ಟೆಯೂ ಮುಳುಗಿತು. ನೀರು ತೀರಾ ಇಳಿದ ಬೇಸಿಗೆಯಲ್ಲಿ ಅದು ಮೇಲೆ ಕಾಣುತ್ತದೆ. ಮುಳುಗಡೆಯಾದವರ ಜಮೀನಿನ ಹಕ್ಕುಪತ್ರದ ತಕರಾರು ಇನ್ನೂ ಮುಗಿದಿಲ್ಲ ಅನ್ನುವುದು ಜಿಲ್ಲೆಯಲ್ಲಿ ಎಲ್ಲರಿಗೂ ಗೊತ್ತು. ಅಜ್ಜನ ಕಾಲದ ಒಂದು ಕಾಗದ, ಅದನ್ನು ಜೆರಾಕ್ಸ್ ಮಾಡಿಸಲು ಬಂದ ಮೊಮ್ಮಗಳು, ಅದೇ ಜಮೀನಿನಲ್ಲಿ ಈಗ ಅಡಿಕೆ ಬೆಳೆಯುತ್ತಿರುವ ಮನೆಯ ಹುಡುಗ. ಹಳೆಯ ಅಂಗಡಿಗೆ ಹೀಗೆ ಮತ್ತೆ ಬರುವುದು ಸರಣಿಯ ಮಜಾ. ಗಡಿಯಾರಕ್ಕೆ ಮಾರಿಕಾಂಬಾ ಜಾತ್ರೆ ಇದೆ, ಮೂರು ವರ್ಷಕ್ಕೊಮ್ಮೆ ಬರುತ್ತದೆ. ಊರು ಬಿಟ್ಟು ಹೋದವರೆಲ್ಲ ಅದಕ್ಕೆ ಬಂದೇ ಬರುತ್ತಾರೆ, ಯಾರ ಪಕ್ಕದಲ್ಲಿ ಈಗ ಯಾರಿದ್ದಾರೆ ಎಂದು ಎಲ್ಲರೂ ನೋಡುತ್ತಾರೆ.

ಈಗ ನನಗೆ ನಿಜವಾಗಿ ಸಿಟ್ಟು ಬರುವ ವಿಷಯ. ಪ್ರೀತಿ ಮತ್ತು ಸಸ್ಪೆನ್ಸ್ ಎರಡನ್ನೂ ಅಗ್ಗದಲ್ಲಿ ಮುಗಿಸಲು ನಮ್ಮ ಧಾರಾವಾಹಿಗಳಲ್ಲಿ ಒಂದು ಸುಲಭದ ದಾರಿ ಇದೆ: ಹುಡುಗಿಯ ಹಿಂದೆ ಯಾರೋ ಬರುತ್ತಿರುತ್ತಾನೆ. ಅವಳ ಬಸ್ಸಿನ ಹೊತ್ತು ಅವನಿಗೆ ಗೊತ್ತು. ಹೆಸರಿಲ್ಲದ ಮೆಸೇಜು ಕಳಿಸುತ್ತಾನೆ. ಅವಳು ಹೆದರುತ್ತಾಳೆ, ನಾವೂ ಹೆದರುತ್ತೇವೆ. ಇಪ್ಪತ್ತನೇ ಕಂತಿನಲ್ಲಿ ನೋಡಿದರೆ ಅವನೇ ನಾಯಕ! ಅವಳನ್ನು ಕಾಯಲು ಹಿಂಬಾಲಿಸುತ್ತಿದ್ದನಂತೆ. ಅವಳ ಕಣ್ಣಲ್ಲಿ ನೀರು, ಓದುಗರಿಂದ ಹೃದಯದ ಚಿಹ್ನೆಗಳು. ಹೀಗೆ ಹಿಂಬಾಲಿಸುವುದು 2013ರಿಂದ ಪ್ರತ್ಯೇಕ ಅಪರಾಧ. ಮೊದಲು ಐಪಿಸಿ 354ಡಿ ಆಗಿತ್ತು, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 78ನೇ ಕಲಂ. ಮೊದಲ ಸಲಕ್ಕೇ ಮೂರು ವರ್ಷದವರೆಗೆ ಶಿಕ್ಷೆ ಆಗಬಹುದು. ಪೊಲೀಸ್ ಹುದ್ದೆಗೆ ಓದುತ್ತಿರುವವರು ಇದನ್ನು ಪರೀಕ್ಷೆಗೆ ಬಾಯಿಪಾಠ ಮಾಡಿ, ರಾತ್ರಿ ಅದೇ ಅಪರಾಧವನ್ನು ಪ್ರೀತಿ ಎಂದು ಓದುವುದು ತಮಾಷೆಯೇ ಸರಿ.

ಕಾನೂನಿಗಿಂತ ಮುಖ್ಯ ಊರಿನ ಲೆಕ್ಕ. ದೊಡ್ಡ ನಗರದಲ್ಲಿ ಹಿಂಬಾಲಿಸುವವನಿಂದ ತಪ್ಪಿಸಿಕೊಳ್ಳಲು ಹುಡುಗಿ ದಾರಿ ಬದಲಿಸಬಹುದು. ನಮ್ಮಲ್ಲಿ ಇರುವುದು ಒಂದೇ ದಾರಿ. ಅವಳು ಮನೆಯಲ್ಲಿ ಹೇಳಿದರೆ ನಿಲ್ಲುವುದು ಅವನ ಓಡಾಟವಲ್ಲ, ಅವಳ ಕಾಲೇಜು. ಹೀಗೆ ನಡುವಿನಲ್ಲಿ ಓದು ನಿಂತವರು ಪ್ರತಿ ತರಗತಿಯ ಹಾಜರಿ ಪುಸ್ತಕದಲ್ಲೂ ಸಿಗುತ್ತಾರೆ, ನಿಮ್ಮ ತರಗತಿಯನ್ನೇ ನೆನಪಿಸಿಕೊಳ್ಳಿ. ಹಾಗಿರುವಾಗ ಅವನನ್ನು ನಾಯಕ ಮಾಡುವ ಕಥೆ ನನಗೆ ಬರೀ ಮನರಂಜನೆಯಾಗಿ ಕಾಣುವುದಿಲ್ಲ. ನನ್ನ ಸರಣಿಯಲ್ಲೂ ಹಿಂಬಾಲಿಸುವವನೊಬ್ಬ ಇದ್ದಾನೆ. ಅವನು ಯಾರೆಂದು ಎರಡನೇ ಕಂತಿನಲ್ಲೇ ಹೇಳಿಬಿಟ್ಟಿದ್ದೇನೆ, ಅವನಲ್ಲಿ ಗುಟ್ಟೇನಿಲ್ಲ. ಗುಟ್ಟಿರುವುದು ಹುಡುಗಿ ಯಾರಿಗೆ ಹೇಳುತ್ತಾಳೆ, ಹೇಳಿಯೂ ಓದು ಉಳಿಸಿಕೊಳ್ಳುತ್ತಾಳೆಯೇ ಅನ್ನುವುದರಲ್ಲಿ. ಅವಳು ಹೇಳುವುದು ಲಾಂಚಿನ ಟಿಕೆಟ್ ಹರಿಯುವ ಹೆಂಗಸಿಗೆ. ಮಾರನೇ ದಿನದಿಂದ ಅವನಿಗೆ ಲಾಂಚ್‌ನಲ್ಲಿ ಜಾಗ ಸಿಗುವುದಿಲ್ಲ. ಇದು ಸಾಧ್ಯವೇ ಎಂದು ಕೇಳಬಹುದು. ಸಣ್ಣ ಊರು ಸುದ್ದಿ ಹಬ್ಬಿಸಿ ಒಬ್ಬಳನ್ನು ಮುಗಿಸಬಲ್ಲದಾದರೆ ಸುದ್ದಿ ಹಬ್ಬಿಸಿ ಒಬ್ಬಳನ್ನು ಕಾಯಲೂ ಬಲ್ಲದು. ಎರಡನ್ನೂ ನಾನು ಕಂಡಿದ್ದೇನೆ, ಎರಡನೆಯದನ್ನು ಕಡಿಮೆ.

ಬರೆಯಬೇಕು ಅನ್ನುವವರಿಗೆ ಕೈಕೆಲಸದ ಒಂದೆರಡು ಮಾತು. ಮೊದಲ ಕಂತು ಹಾಕುವ ಮೊದಲೇ ಗುಟ್ಟೇನೆಂದು ನಿಮಗೆ ಗೊತ್ತಿರಬೇಕು. ‘ಬರೆಯುತ್ತ ಹೋದರೆ ಹೊಳೆಯುತ್ತದೆ’ ಅನ್ನುವವರ ಧಾರಾವಾಹಿಯಲ್ಲಿ ಚಿಕ್ಕಪ್ಪ ಕೊಲೆಗಾರನಾಗುವುದು ಹೀಗೆಯೇ, ಬೇರೆ ಯಾರೂ ಉಳಿದಿರುವುದಿಲ್ಲ. ಓದುಗರಿಗೆ ಸುಳಿವನ್ನು ಮುಚ್ಚಿಡಬೇಡಿ, ಕಣ್ಣೆದುರೇ ಇಟ್ಟು ಬೇರೆ ಮಾತಾಡಿ. ನನ್ನ ಕಥೆಯಲ್ಲಿ ಪೆಟ್ಟಿಗೆ ‘ಹನ್ನೆರಡು ರೂಪಾಯಿ’ ಎಂದು ಕೂಗುವ ಹೊತ್ತಿಗೆ ಎಲ್ಲರೂ ಅವರಿಬ್ಬರ ಬೆರಳು ತಾಗಿತೋ ಇಲ್ಲವೋ ಎಂದು ನೋಡುತ್ತಿರುತ್ತಾರೆ. ಒಂದು ನೋಟ್‌ಬುಕ್ ಇಡಿ. ಬೇಕರಿ ಬಸ್ ನಿಲ್ದಾಣದ ಎಡಕ್ಕಿದೆಯೋ ಬಲಕ್ಕಿದೆಯೋ ಎಂದು ಮೂರನೇ ಕಥೆಯಲ್ಲಿ ನೀವು ಮರೆತರೂ ಓದುಗರು ಮರೆಯುವುದಿಲ್ಲ. ದಿನಕ್ಕೊಂದು ಕಂತು ಹಾಕುವ ಚಟಕ್ಕೆ ಬೀಳಬೇಡಿ, ವಿಶೇಷವಾಗಿ ಪರೀಕ್ಷೆ ಇರುವವರು. ದುಡ್ಡಿನ ವಿಷಯವನ್ನೂ ಹೇಳಿಬಿಡುತ್ತೇನೆ. ಇದರಲ್ಲಿ ಬರುವುದು ಅರ್ಜಿ ಶುಲ್ಕಕ್ಕಾದರೆ ಹೆಚ್ಚು, ಕೆಲಸ ಹುಡುಕುವುದನ್ನು ಬಿಡುವಷ್ಟು ಬರುತ್ತದೆಂದು ನಂಬಿ ಕೂರಬೇಡಿ.

ಇನ್ನೊಂದು ಮಾತು, ಇದು ಸಣ್ಣ ಊರಿನ ಬರಹಗಾರರಿಗೆ ಮಾತ್ರ. ನೀವು ನೋಡಿದ್ದನ್ನು ನೋಡಿದ ಹಾಗೆ ಬರೆಯುವಂತಿಲ್ಲ. ನಗರದಲ್ಲಿ ಪಕ್ಕದ ಫ್ಲ್ಯಾಟಿನವರನ್ನು ಪಾತ್ರ ಮಾಡಿದರೆ ಯಾರಿಗೂ ತಿಳಿಯುವುದಿಲ್ಲ. ಇಲ್ಲಿ ‘ಹಸಿರು ಸ್ಕೂಟಿಯ ಹುಡುಗಿ’ ಎಂದು ಬರೆದರೆ ಸಂಜೆಯೊಳಗೆ ಆ ಸ್ಕೂಟಿಯ ಮನೆಯಲ್ಲಿ ವಿಚಾರಣೆ ಶುರು. ಪ್ರೀತಿಯನ್ನು ಕೊಂಡಾಡಲು ಹೊರಟ ಕಥೆಯೇ ಒಬ್ಬಳ ಫೋನು ಕಸಿದುಕೊಳ್ಳಲು ಕಾರಣವಾಗಬಹುದು. ಅದಕ್ಕೇ ನನ್ನ ಊರಿನಲ್ಲಿ ಯಾರ ಕಸುಬೂ, ಯಾರ ಗಾಡಿಯೂ, ಯಾರ ಓಣಿಯೂ ಇದ್ದ ಹಾಗಿಲ್ಲ. ಜೆರಾಕ್ಸ್ ಅಂಗಡಿಯಲ್ಲಿ ಆಯಿತೆಂದು ಬರೆದದ್ದು ಅಲ್ಲಿ ಆದದ್ದಲ್ಲ. ಎಲ್ಲಿ ಆಯಿತೆಂದು ಹೇಳುವುದೂ ಇಲ್ಲ.

ಸದ್ಯ ಮೊದಲ ಕಥೆ ಮುಗಿದಿದೆ. ಅಂಗಡಿ ಮಾಲೀಕ ಆ ಸಾಲು ನೋಡಿದ್ದ. ಮೊದಲ ದಿನವೇ ನೋಡಿದ್ದ. ಅವನನ್ನು ವಿಲನ್ ಮಾಡು ಎಂದು ಓದಿದ ಅರ್ಧ ಜನ, ಒಳ್ಳೆಯವನನ್ನಾಗಿ ಮಾಡು ಎಂದು ಇನ್ನರ್ಧ ಜನ ಹಟ ಹಿಡಿದಿದ್ದರು. ಅವನು ಎರಡೂ ಅಲ್ಲ. ನೋಡಿದ, ಅಂಗಡಿಗೆ ಕೆಲಸದ ಹುಡುಗಿ ಬೇಕು, ಹುಡುಗಿಯ ಮನೆಯವರೂ ಬೇಕು, ಜಗಳ ಬೇಡ. ಅದಕ್ಕೇ ನಾಲ್ಕು ತಿಂಗಳು ಸುಮ್ಮನಿದ್ದ. ಐದನೇ ತಿಂಗಳು ಅವನ ಮಗಳ ಸಂಬಂಧ ನೋಡಲು ಶುರುವಾಯಿತು, ಸುಮ್ಮನಿರಲು ಆಗಲಿಲ್ಲ. ಅವನು ಬಾಯಿ ಬಿಟ್ಟದ್ದು ಯಾರ ಹತ್ತಿರ ಅನ್ನುವುದು ಎರಡನೇ ಕಥೆಯ ಮೂರನೇ ಕಂತಿನಲ್ಲಿದೆ. ಅದಿನ್ನೂ ಬರೆದಾಗಿಲ್ಲ, ಮುಂದಿನ ಭಾನುವಾರ ಒಂದು ಪರೀಕ್ಷೆ ಇದೆ.